ಮೂವತ್ತೊಂದು ಕೊಡೆ

ಶನಿವಾರ

ಸೋಗಾನೆಯ ವಿಮಾನ ನಿಲ್ದಾಣದಲ್ಲಿ ತಂಗಿಯ ಸಂಸಾರ ಇಳಿದಾಗ ಮಳೆ ಹನಿ ಕಡಿದಿರಲಿಲ್ಲ. ಮೆಲ್ಬರ್ನಿನ ಶಾಲೆಗಳಿಗೆ ಚಳಿಗಾಲದ ರಜೆ ಸಿಗುವುದು ಜುಲೈ ಹೊತ್ತಿಗೆ. ನಮ್ಮಲ್ಲಿ ಅದು ಆರಿದ್ರಾ ಮುಗಿದು ಪುನರ್ವಸು ಮಳೆ ಹಿಡಿಯುವ ಕಾಲ. ‘ಈ ಮಳೇಲಿ ಎಂತ ನೋಡೋಕೆ ಬರ್ತಾರೆ’ ಎಂದು ಅಮ್ಮ ವಾರದಿಂದ ಹೇಳುತ್ತಲೇ ಇದ್ದಳು. ನನ್ನ ಕೇಳಿದರೆ ಮಲೆನಾಡನ್ನು ನೋಡಬೇಕಾದದ್ದೇ ಈಗ. ಬೇಸಿಗೆಯಲ್ಲಿ ನೋಡಿ ಹೋದವರು ಅರ್ಧ ಊರನ್ನು ಮಾತ್ರ ನೋಡಿರುತ್ತಾರೆ.

ಐದು ಸೂಟ್‌ಕೇಸು ಬಂದವು. ಅದರಲ್ಲಿ ಎರಡು ಅವರವಲ್ಲ. ತಂಗಿಯ ಮಗಳು, ನಾವು ಪುಟ್ಟಿ ಎಂದು ಕರೆಯುವ ಹದಿನೈದರ ಹುಡುಗಿ, ಮನೆಗೆ ಬಂದವಳೇ ಜಗಲಿಯ ಮೇಲೆ ಅವೆರಡನ್ನೂ ತೆರೆದಳು. ಮೆತ್ತನೆಯ ಗೊಂಬೆಗಳು, ಬಣ್ಣದ ಪೆನ್ಸಿಲ್ಲು, ಅವಳ ಕ್ಲಾಸಿನವರಿಗೆ ಗಿಡ್ಡವಾದ ಜಾಕೆಟ್ಟುಗಳು. ಜೊತೆಗೆ ಒಂದು ಹಾಳೆ: ಯಾರು ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ, ಒಟ್ಟು 640 ಡಾಲರ್. ಶಾಲೆಯಲ್ಲಿ ಕೇಕು ಮಾರಿ ಕೂಡಿಸಿದ್ದು. ‘ದೊಡ್ಡಮ್ಮಾ, ಇದನ್ನ ಇಲ್ಲಿಯ ಅನಾಥಾಶ್ರಮಕ್ಕೆ ಕೊಡಬೇಕು’ ಎಂದಳು. ಅವಳು ಹುಟ್ಟಿದ್ದು ಅಲ್ಲಿ. ಶಿವಮೊಗ್ಗ ಅವಳಿಗೆ ಅಮ್ಮನ ಊರಾದರೂ ಪರದೇಶ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು ತೋರಿಸಿ ಒಳಗೆ ಬರಬೇಕಾದ ನಾಡು. ಅಲ್ಲಿಂದ ಇಲ್ಲಿಯ ಮಕ್ಕಳನ್ನು ನೆನೆದು ಕೇಕು ಮಾರಿದ್ದಾಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಎದೆಯ ಒಳಗೆ ಎಲ್ಲೋ ಹಳೆಯದೊಂದು ಚುಚ್ಚಿಕೊಂಡಂತೆಯೂ ಆಯಿತು.

ಭಾನುವಾರ

ಬೆಳಿಗ್ಗೆ ಕಡುಬು, ಕಾಯಿ ಚಟ್ನಿ. ಮಧ್ಯಾಹ್ನ ಪತ್ರೊಡೆ. ಮಳೆ ನೋಡುತ್ತಾ ಕೂತು ಹಳೆಯ ಆಲ್ಬಮ್ ತೆಗೆದೆವು.

ನನ್ನನ್ನು ಚುಚ್ಚಿದ್ದು ಅದರಲ್ಲಿತ್ತು. ನನ್ನ ಮಗನ ಐದನೇ ಹುಟ್ಟುಹಬ್ಬದ ಫೋಟೋ. ಇಪ್ಪತ್ತು ವರ್ಷದ ಕೆಳಗೆ ಬೇರೊಂದು ಊರಿನಲ್ಲಿದ್ದಾಗ, ಅಲ್ಲಿಯ ಒಂದು ಆಶ್ರಮದಲ್ಲಿ ಕೇಕು ಕತ್ತರಿಸಿ ಆಚರಿಸಿದೆವು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದೇ ನಂಬಿದ್ದೆ. ನಾವು ಹೋದದ್ದು ಒಂದೂವರೆ ಗಂಟೆ ತಡವಾಗಿ. ಅಷ್ಟೂ ಹೊತ್ತು ಆ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ನಾವು ಹೋದ ಮೇಲೆ ಎದ್ದು ನಿಂತು ಹಾಡಿದವು. ಒಬ್ಬ ಹುಡುಗ ಚೀಟಿ ನೋಡಿಕೊಂಡು ನಮಗೆ ಧನ್ಯವಾದ ಓದಿದ. ನನ್ನ ಮಗ ಹೊಸ ಅಂಗಿ ಹಾಕಿಕೊಂಡು, ತನಗಿಂತ ದೊಡ್ಡ ಮಕ್ಕಳ ಕೈಗೆ ಒಂದೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟ. ನಾನು ಫೋಟೋ ತೆಗೆದೆ.

ಆ ಫೋಟೋವನ್ನು ಎಷ್ಟೋ ಸಲ ನೋಡಿದ್ದೆ. ತೀರ ತಡವಾಗಿ ಒಂದು ದಿನ ಕಂಡಿತು: ಅದರಲ್ಲಿ ಒಂದು ಮಗುವೂ ಕೇಕನ್ನು ನೋಡುತ್ತಿಲ್ಲ. ಎಲ್ಲ ಮುಖಗಳೂ ಎಡಕ್ಕೆ ತಿರುಗಿವೆ. ಎಡಕ್ಕಿದ್ದದ್ದು ಊಟದ ಮನೆಯ ಬಾಗಿಲು. ನಮಗಾಗಿ ಕಾದು ಅವರ ಊಟದ ಹೊತ್ತು ಮೀರಿತ್ತು.

ಇದನ್ನು ಪುಟ್ಟಿಗೆ ಹೇಳಿದೆ. ಅವಳು ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ‘ಹಾಗಾದ್ರೆ ಹೋಗೋದೇ ಬೇಡ್ವಾ?’ ಎಂದಳು. ‘ಮೊದಲು ಕೇಳೋಣ’ ಎಂದೆ.

ಸೋಮವಾರ

ಪರಿಚಯದವರ ಮೂಲಕ ಹೆಣ್ಣುಮಕ್ಕಳ ಒಂದು ಪಾಲನಾ ಕೇಂದ್ರದ ಅಧೀಕ್ಷಕಿಯವರ ನಂಬರು ಸಿಕ್ಕಿತು. ಆ ಕೇಂದ್ರದ ಹೆಸರನ್ನೂ ಅದಿರುವ ಬೀದಿಯನ್ನೂ ಬರೆಯುವುದಿಲ್ಲ. ಅಲ್ಲಿರುವ ಮಕ್ಕಳ ಗುರುತು ಹೊರಗೆ ಬರಬಾರದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆಂದೇ 74ನೇ ಕಲಮು ಇದೆ, ಮೀರಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಆ ತಾಯಿ ಫೋನಿನಲ್ಲಿ ಸಂಭ್ರಮ ತೋರಿಸಲಿಲ್ಲ. ಎಷ್ಟು ಜನ ಬರುತ್ತೀರಿ, ಯಾಕೆ ಬರುತ್ತೀರಿ ಎಂದು ಕೇಳಿದರು. ಗೊಂಬೆಯ ವಿಷಯ ಹೇಳಿದೆ.

‘ಎಷ್ಟಿವೆ?’

‘ಇಪ್ಪತ್ತೆರಡು.’

‘ನಮ್ಮಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ ಮೇಡಂ. ಉಳಿದ ಒಂಬತ್ತು ಮಕ್ಕಳಿಗೆ ನಾನು ಎಂತ ಹೇಳ್ಲಿ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಗಾದರೆ ಏನು ಬೇಕು ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ. ‘ಕೊಡೆ. ಶಾಲೆಗೆ ಹೋಗಿ ಬರುವಾಗ ಎರಡು ಮೂರು ಮಕ್ಕಳು ಒಂದೇ ಕೊಡೇಲಿ ಬರ್ತಾವೆ, ಎಲ್ಲರೂ ಒದ್ದೆ. ಆದರೆ ಎಲ್ಲಾ ಒಂದೇ ಬಣ್ಣದ್ದು ತರಬೇಡಿ. ಇಲ್ಲಿ ತಟ್ಟೆ, ಚಾಪೆ, ಹೊದಿಕೆ ಎಲ್ಲಾ ಒಂದೇ ಥರ. ಇದು ನಂದು ಅಂತ ಹೇಳೋಕೆ ಅವಕ್ಕೂ ಏನಾದರೂ ಬೇಕಲ್ಲ.’

ಆಮೇಲೆ ಹಣದ ಮಾತು ಬಂತು. ತಂಗಿಯೂ ಪುಟ್ಟಿಯೂ ಆಸ್ಟ್ರೇಲಿಯಾದ ಪ್ರಜೆಗಳು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಎಲ್ಲರೂ ಎಫ್‌ಸಿಆರ್‌ಎ ಎನ್ನುವ 2010ರ ಕಾನೂನಿನ ಪ್ರಕಾರ, ಬೇರೆ ದೇಶದ ಪೌರತ್ವ ಪಡೆದವರು ಕೊಡುವ ದೇಣಿಗೆ ವಿದೇಶಿ ವಂತಿಗೆಯೇ. ಮೂಲದಲ್ಲಿ ಕನ್ನಡಿಗರಾದರೂ, ಶಿವಮೊಗ್ಗದಲ್ಲೇ ನಿಂತು ರೂಪಾಯಿಯಲ್ಲೇ ಕೊಟ್ಟರೂ ಲೆಕ್ಕ ಅದೇ. ಸಾಮಾನಿಗೂ ಅದು ಅನ್ವಯಿಸುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಈ ಕೇಂದ್ರಕ್ಕೆ ಆ ನೋಂದಣಿ ಇರಲಿಲ್ಲ. ‘ನಿಮ್ಮ ಮಗು ಆಸೆಯಿಂದ ತಂದಿದೆ, ಗೊತ್ತಾಗುತ್ತೆ. ಆದರೆ ಇಲ್ಲಿ ಒಂದು ಕಾಗದ ತಪ್ಪಿದರೆ ಮೂವತ್ತೊಂದು ಮಕ್ಕಳಿಗೆ ತೊಂದರೆ’ ಎಂದರು.

ಪುಟ್ಟಿ ಅತ್ತಳು. ಸೂಟ್‌ಕೇಸು ಮುಚ್ಚಿ ಕೋಣೆಗೆ ಹೋದಳು.

ಸಂಜೆ ದಾರಿ ಹೊಳೆಯಿತು. ಭಾವ, ಅಂದರೆ ತಂಗಿಯ ಗಂಡ, ಇನ್ನೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದಾರೆ. ಭಾರತೀಯ ಪ್ರಜೆ ಹೊರದೇಶದಲ್ಲಿದ್ದರೂ ತನ್ನ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಅಲ್ಲ. ಅವರು ಇಲ್ಲಿಯ ಖಾತೆಯಿಂದ ಚೆಕ್ಕು ಕೊಡಬಹುದು. ‘ಕೊಡೆ ನಾನು ಕೊಡಿಸ್ತೀನಿ’ ಎಂದಳು ಅಮ್ಮ, ಅಡುಗೆಮನೆಯಿಂದಲೇ. ಅವಳಿಗೆ ಅಪ್ಪನ ಪಿಂಚಣಿ ಬರುತ್ತದೆ.

ಮಂಗಳವಾರ

ನಮ್ಮೆಲ್ಲರ ಗುರುತಿನ ಚೀಟಿಯ ಪ್ರತಿ ಕಳಿಸಿದ್ದೆವು. ಒಪ್ಪಿಗೆ ಬರಲು ನಾಲ್ಕು ದಿನ ಎಂದಿದ್ದರು. ಅಷ್ಟರಲ್ಲಿ ಊರು ತೋರಿಸೋಣವೆಂದು ತೀರ್ಥಹಳ್ಳಿ ರಸ್ತೆ ಹಿಡಿದೆವು. ಸಕ್ಕರೆಬೈಲಿನಲ್ಲಿ ಮಾವುತರು ತುಂಗೆಯ ಹಿನ್ನೀರಿನಲ್ಲಿ ಆನೆಯ ಮೈ ತಿಕ್ಕುತ್ತಿದ್ದರು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳು ಬೆಳ್ಳಕ್ಕಿಯಿಂದ ಬೆಳ್ಳಗಾಗಿದ್ದವು. ನೀರು ಕೊಂಬೆಯ ಬುಡಕ್ಕೆ ಬಂದಿತ್ತು, ಗೂಡುಗಳಲ್ಲಿ ಮರಿಗಳ ಗಲಾಟೆ. ರಾತ್ರಿಗೆ ಆಗುಂಬೆ, ಪರಿಚಯದವರ ಮನೆ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹಾಗೆ ಹೇಳಿದರೆ ಅಂಕಿ ಮಾತ್ರ. ಹೆಂಚಿನ ಮಾಡಿನ ಕೆಳಗೆ ಕೂತು ಪಕ್ಕದಲ್ಲಿದ್ದವರ ಮಾತು ಕೇಳದೆ ‘ಹಾಂ? ಹಾಂ?’ ಎಂದಾಗ ಗೊತ್ತಾಗುತ್ತದೆ. ಒಲೆಯ ಮೇಲಿನ ದಬ್ಬೆಗೆ ಆ ಮನೆಯವರು ಬಟ್ಟೆ ಹರವಿದ್ದರು. ಮೂರು ದಿನವಾದರೂ ಒಣಗದೆ ಹೊಗೆ ವಾಸನೆ ಹಿಡಿದಿದ್ದವು.

ಊಟವಾದ ಮೇಲೆ ಭಾವ, ಸಾಮಾನ್ಯವಾಗಿ ಹೆಚ್ಚು ಮಾತಾಡದವರು, ಕಾಂಬೋಡಿಯಾದ ಸಂಗತಿ ಹೇಳಿದರು. ಆಸ್ಟ್ರೇಲಿಯಾದವರು ರಜೆಗೆ ಹೋಗುವ ದೇಶ ಅದು. ಪ್ರವಾಸಿಗಳು ದೇವಸ್ಥಾನ ನೋಡಿದ ಹಾಗೆ ಅನಾಥಾಲಯ ನೋಡಲು ಹೋಗತೊಡಗಿದರು, ಕೊಡುವ ಕೈ ಹೆಚ್ಚಿದ ಹಾಗೆ ಅನಾಥಾಲಯಗಳೂ ಹೆಚ್ಚಿದವು. ಯುನಿಸೆಫ್ ನೋಡಿದಾಗ ಅಲ್ಲಿದ್ದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೇಪಾಳದಲ್ಲೂ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಓದಿಸುತ್ತೇವೆಂದು ಕರೆತಂದು, ಪ್ರವಾಸಿಗಳು ಬರುವ ಪಟ್ಟಣಗಳಲ್ಲಿ ಅನಾಥರೆಂದು ಇಟ್ಟುಕೊಂಡದ್ದು ಹೊರಬಂತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಿತು. ಅದಕ್ಕೂ ಮುಂಚೆ ಸಂಸತ್ತಿನ ಸಮಿತಿ ಈ ಅನಾಥಾಲಯದ ಸಾಗಣೆಯನ್ನೂ ವಿಚಾರಣೆಗೆ ತೆಗೆದುಕೊಂಡಿತ್ತು.

‘ನಮ್ಮ ಕೇಕಿನ ಹಣದಿಂದ ಒಂದು ಮಗು ಅಮ್ಮನ್ನ ಬಿಟ್ಟು ಬರಬೇಕಾಗಬಹುದಿತ್ತಾ?’ ಎಂದು ಪುಟ್ಟಿ ಕೇಳಿದಳು. ಭಾವ ಅವಳ ತಲೆ ಸವರಿದರು.

ಬುಧವಾರ

ತಾಲ್ಲೂಕಿಗೆಲ್ಲ ಮಳೆ ರಜೆ. ಸೂರ್ಯಾಸ್ತದ ಜಾಗಕ್ಕೆ ಹೋದರೆ ಮೋಡ ಬಿಟ್ಟು ಏನೂ ಇಲ್ಲ. ಪುಟ್ಟಿಯ ಕಾಲಿಗೆ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿತು. ವಾಪಸು ಬರುವ ದಾರಿಯಲ್ಲಿ ಗದ್ದೆ ನಾಟಿ ನಡೆದಿತ್ತು, ಬಗ್ಗಿದ ಹೆಂಗಸರ ಬೆನ್ನ ಮೇಲೆ ಹಿಂದೆ ಬಿದಿರು, ಎಲೆಯಲ್ಲಿ ಹೆಣೆದ ಗೊರಬು ಇರುತ್ತಿದ್ದ ಜಾಗದಲ್ಲಿ ಈಗ ನೀಲಿ ಪ್ಲಾಸ್ಟಿಕ್ಕು. ಅಮ್ಮ ಕಾರಿನ ಕಿಟಕಿಗೆ ಹಣೆ ಒತ್ತಿಕೊಂಡು ತನ್ನ ಕಥೆ ಹೇಳಿದಳು. ಐದು ಮಕ್ಕಳ ಮನೆಗೆ ಒಂದೇ ಕೊಡೆ, ಅದೂ ಅಜ್ಜನದು. ಶಾಲೆಗೆ ಕಂಬಳಿಕೊಪ್ಪೆ. ನೀರು ಕುಡಿದ ಕಂಬಳಿ ತಲೆಯ ಮೇಲೆ ಎಷ್ಟು ಭಾರ ಅಂದರೆ, ಶಾಲೆ ಮುಟ್ಟುವಷ್ಟರಲ್ಲಿ ಕುತ್ತಿಗೆ ಸೋತು ಹೋಗುತ್ತಿತ್ತಂತೆ. ಸ್ವಂತ ಕೊಡೆ ಸಿಕ್ಕಿದ್ದು ಏಳನೇ ಕ್ಲಾಸಿನಲ್ಲಿ. ‘ರಾತ್ರಿ ಪಕ್ಕದಲ್ಲಿ ಇಟ್ಕೊಂಡು ಮಲಗಿದ್ದೆ’ ಎಂದಳು. ಈ ಮಾತನ್ನು ನಾನು ಐವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಗುರುವಾರ

ಗಾಂಧಿ ಬಜಾರಿನಲ್ಲಿ ಕೊಡೆ ಖರೀದಿ. ಮೂವತ್ತೊಂದು ಕೊಡೆಯನ್ನು ಒಂದರಂತೆ ಒಂದಿಲ್ಲದ ಹಾಗೆ ಆರಿಸುವುದು ಸುಲಭವಲ್ಲ. ಮೂರು ಅಂಗಡಿ ಸುತ್ತಿದೆವು. ಒಂದೇ ಬಣ್ಣವಾದರೆ ಅಂಚು ಬೇರೆ, ಅಂಚು ಒಂದೇ ಆದರೆ ಹಿಡಿ ಬೇರೆ. ಅಮ್ಮ ಪ್ರತಿಯೊಂದನ್ನೂ ಬಿಡಿಸಿ ಕಡ್ಡಿ ಎಣಿಸಿದಳು, ಗುಂಡಿ ಒತ್ತಿ ನೋಡಿದಳು. ಪುಟ್ಟಿ ಒಂದೊಂದನ್ನೇ ಬರೆದುಕೊಂಡಳು.

ಅಂಗಡಿ ಮೆಟ್ಟಿಲ ಮೇಲೆ ಕೊಡೆ ರಿಪೇರಿಯವರೊಬ್ಬರು ಕೂತಿದ್ದರು. ಮಳೆಗಾಲದ ಮೂರು ತಿಂಗಳು ಅವರಿಗೆ ಅದೇ ಕಸುಬು. ಕೊಡೆಗೆ ಮಕ್ಕಳ ಹೆಸರಿನ ಅಕ್ಷರ ಹೊಲಿಯಬಹುದಾ ಎಂದು ಕೇಳಿದೆ. ‘ಬಟ್ಟೆಗೆ ಸೂಜಿ ಹಾಕಿದರೆ ತೂತು ಬಿದ್ದು ಸೋರುತ್ತೆ ಅಕ್ಕಾ. ಮಡಿಸಿ ಕಟ್ಟುವ ಪಟ್ಟಿ ಇರುತ್ತಲ್ಲ, ಅದಕ್ಕೆ ಹೊಲೀರಿ. ದಪ್ಪ ನೂಲು ತಗೊಳ್ಳಿ, ಮೇಣ ಸವರಿ’ ಎಂದರು. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಂಟು ಹಾಕುವುದನ್ನು ತೋರಿಸಿದರು. ಮೇಣದ ಬಿಲ್ಲೆಯ ಮೇಲೆ ನೂಲನ್ನು ಎರಡು ಸಲ ಎಳೆದು, ಹೆಬ್ಬೆರಳಿಗೆ ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆದರೆ ಬಿಚ್ಚದ ಗಂಟು. ಅವಳಿಗೆ ಐದನೇ ಸಲಕ್ಕೆ ಬಂತು. ನೂಲು, ಮೇಣ, ಹತ್ತು ಸೂಜಿ ಕೊಟ್ಟು, ಯಾರಿಗೆ ಎಂದು ಗೊತ್ತಾದ ಮೇಲೆ ಹಣ ತೆಗೆದುಕೊಳ್ಳಲಿಲ್ಲ.

ಶುಕ್ರವಾರ

ಸಾಗರದ ದಾರಿಯಲ್ಲಿ ಜೋಗ. ಮುಕ್ಕಾಲು ಗಂಟೆ ಬರೀ ಮಂಜು, ಒಳಗಿನಿಂದ ಶಬ್ದ ಮಾತ್ರ. ಆಮೇಲೆ ಎರಡು ನಿಮಿಷ ಪರದೆ ಸರಿದಂತಾಗಿ 253 ಮೀಟರಿನ ಆ ಬೀಳು ಪೂರ್ತಿ ಕಂಡು, ಮತ್ತೆ ಮುಚ್ಚಿಕೊಂಡಿತು. ಬರುವಾಗ ಇಕ್ಕೇರಿ ದೇವಸ್ಥಾನ. ಪುಟ್ಟಿಯ ಮನಸ್ಸೆಲ್ಲ ನಾಳೆಯ ಮೇಲಿತ್ತು, ಕಾರಿನಲ್ಲಿ ಗಂಟು ಹಾಕುತ್ತಲೇ ಬಂದಳು.

ಶನಿವಾರ

ಶಾಲೆ ಅರ್ಧ ದಿನ. ಮಕ್ಕಳ ಊಟ ಮುಗಿದ ಮೇಲೆ, ಎರಡೂವರೆಗೆ ಬನ್ನಿ ಎಂದಿದ್ದರು. ಎರಡೂಕಾಲಿಗೇ ಹೋಗಿ ಕಾರಿನಲ್ಲೇ ಕೂತಿದ್ದೆವು. ಮೊಬೈಲುಗಳನ್ನು ಆಫೀಸಿನ ಡ್ರಾಯರಿನಲ್ಲಿ ಇಡಿಸಿಕೊಂಡರು. ಗೋಡೆಯ ಮೇಲೆ ನೋಂದಣಿ ಪತ್ರ, ಅದರ ಪಕ್ಕ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆದ ಹಾಳೆ.

‘ಅನಾಥಾಶ್ರಮ ಅಂತ ನಾವು ಎಲ್ಲೂ ಬರೆಸಿಲ್ಲ ನೋಡಿ’ ಎಂದರು ಅಧೀಕ್ಷಕಿ. ಅಲ್ಲಿಗೆ ಯಾರೂ ಮಗುವನ್ನು ನೇರವಾಗಿ ತಂದು ಬಿಡುವಂತಿಲ್ಲ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಅಲ್ಲಿದ್ದವರಲ್ಲಿ ಯಾರೂ ಇಲ್ಲದ ಮಕ್ಕಳು ಕೆಲವರೇ. ಹೆಚ್ಚಿನವರಿಗೆ ತಾಯಿಯಾದರೂ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಕೂಲಿಗೆ ಹೋಗುವವಳು, ಕಾಯಿಲೆ ಬಿದ್ದವಳು, ಮನೆ ಇಲ್ಲದವಳು. ಯಾವ ಮಗುವಿನ ಕಥೆ ಯಾವುದು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ‘ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಮಗು ಮನೇಲೇ ಇದ್ದು ಓದಲಿ ಅಂತ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ಮೀರಿರಬಾರದು, ಪಟ್ಟಣದಲ್ಲಿ 96,000. ಎಷ್ಟೋ ತಾಯಂದಿರಿಗೆ ಅದು ಗೊತ್ತೇ ಇಲ್ಲ. ಗೊತ್ತಿದ್ದರೂ ಅರ್ಜಿ, ಆದಾಯ ಪತ್ರ, ಬ್ಯಾಂಕ್ ಖಾತೆ ಅಂತ ಒಂದು ದಿನದ ಕೂಲಿ ಬಿಟ್ಟು ಓಡಾಡಬೇಕು. ನಾನು ಅದಕ್ಕೇ ಹೆಚ್ಚು ಓಡಾಡ್ತೀನಿ. ಇಲ್ಲಿ ಹಾಸಿಗೆ ಖಾಲಿ ಆಗಬೇಕು ಮೇಡಂ.’

ಭಾವ ಚೆಕ್ಕು ಬರೆದರು. ಬಟ್ಟೆ ಹಿಂಡಿ ನೀರು ತೆಗೆಯುವ ಎರಡು ಯಂತ್ರಕ್ಕೆ. ಅದೂ ಅವರೇ ಕೇಳಿದ್ದು. ಯಾಕೆಂದು ಪಡಸಾಲೆಗೆ ಕಾಲಿಟ್ಟಾಗ ಗೊತ್ತಾಯಿತು. ಈ ತುದಿಯಿಂದ ಆ ತುದಿಗೆ ಹಗ್ಗ, ಹಗ್ಗದ ತುಂಬ ನೀಲಿ ಲಂಗ, ಬಿಳಿ ಅಂಗಿ. ಸೋಮವಾರಕ್ಕೆ ಅವು ಒಣಗಬೇಕು. ನಾನು ಒಂದರ ತೋಳು ಮುಟ್ಟಿದೆ. ತಣ್ಣಗಿತ್ತು.

ಹಾಡು ಇರಲಿಲ್ಲ, ಭಾಷಣ ಇರಲಿಲ್ಲ. ದೊಡ್ಡ ಕೋಣೆಯ ಚಾಪೆಯ ಮೇಲೆ ಕೊಡೆಗಳನ್ನು ಹರಡಿದೆವು. ಮಕ್ಕಳೇ ಬಂದು ಆರಿಸಿಕೊಂಡರು. ಮೊದಲು ಬಂದವರು ತಡ ಮಾಡಿದರು, ಮುಚ್ಚಿದರು, ತೆರೆದರು, ವಾಪಸು ಇಟ್ಟು ಇನ್ನೊಂದು ತೆಗೆದರು. ಹಳದಿ ಹೂವಿನದಕ್ಕೆ ಇಬ್ಬರು ಕೈ ಹಾಕಿದರು, ಸಣ್ಣ ಜಗಳವಾಯಿತು. ಅಧೀಕ್ಷಕಿ ಮಧ್ಯೆ ಬರಲಿಲ್ಲ. ಅವರೇ ಮಾತಾಡಿಕೊಂಡು ಬಗೆಹರಿಸಿಕೊಂಡರು.

ಆಮೇಲೆ ಎಲ್ಲರೂ ಹೊಲಿಯಲು ಕೂತರು. ಅಮ್ಮನ ಸುತ್ತ ಏಳೆಂಟು ಮಕ್ಕಳು. ಅವಳು ಸೂಜಿಗೆ ನೂಲು ಪೋಣಿಸಲಾಗದೆ ಕೊಟ್ಟಳು, ಅವರು ಪೋಣಿಸಿ ಕೊಟ್ಟರು. ಪುಟ್ಟಿಯ ಎದುರಿಗೆ ಒಂಬತ್ತು ಹತ್ತು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳ ತುದಿಗಳು. ಪುಟ್ಟಿಗೆ ಕನ್ನಡ ಮಾತು ಬರುತ್ತದೆ, ಬರಹ ಬರುವುದಿಲ್ಲ. ‘ಸ’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಟ್ಟಳು.

‘ಇದು ನ’ ಎಂದಳು ಹುಡುಗಿ.

ಪುಟ್ಟಿ ಅಳಿಸಿ ಮತ್ತೆ ಬರೆದಳು. ಹುಡುಗಿ ಪೆನ್ಸಿಲ್ಲು ಕಸಿದುಕೊಂಡು, ಪುಟ್ಟಿಯ ಅಂಗೈ ಬಿಡಿಸಿ, ಅದರ ಮೇಲೆ ನಿಧಾನವಾಗಿ ‘ಸ’ ಬರೆದು ತೋರಿಸಿದಳು. ಮೂರು ಸಲ. ಆಮೇಲೆ ಸೂಜಿ ಹಿಡಿದರು. ಒಂದು ಹೊಲಿಗೆ ಇವಳು, ಒಂದು ಅವಳು. ಕೊನೆಗೆ ಪುಟ್ಟಿ ಆ ಬಿಚ್ಚದ ಗಂಟು ಹಾಕಿದಳು, ಹುಡುಗಿ ಬಗ್ಗಿ ಹಲ್ಲಿನಿಂದ ನೂಲು ಕಡಿದಳು.

ನಮ್ಮಲ್ಲಿ ಯಾರೂ ಯಾವ ಮಗುವನ್ನೂ ಅಪ್ಪ ಅಮ್ಮನ ವಿಷಯ ಕೇಳಬಾರದೆಂದು ಮಾತಾಡಿಕೊಂಡೇ ಬಂದಿದ್ದೆವು. ಕೇಳಿದ್ದು ಆ ಹುಡುಗಿಯೇ.

‘ಅಕ್ಕಾ, ನಿಂಗೆ ಅಮ್ಮ ಇದ್ದಾರಾ?’

ಪುಟ್ಟಿ ಕೋಣೆಯ ಆಚೆ ಇದ್ದ ತಂಗಿಯನ್ನು ತೋರಿಸಿದಳು.

‘ನಂಗೂ ಇದ್ದಾಳೆ. ನಾಟಿಗೆ ಹೋಗಿದಾಳೆ. ನಾಳೆ ಬರ್ತಾಳೆ.’ ಹಾಗೆಂದು ಹಸಿರು ಕೊಡೆಯನ್ನು ಮಡಿಸಿ, ‘ಸ’ ಮೇಲೆ ಬರುವ ಹಾಗೆ ಪಟ್ಟಿ ಕಟ್ಟಿ, ಬೆರಳಿನಿಂದ ಒಮ್ಮೆ ಸವರಿದಳು.

ನಾಲ್ಕೂವರೆಗೆ ಹೊರಟೆವು. ಪಡಸಾಲೆಯ ಗೋಡೆಗೆ ಅಲ್ಲಿಯ ಅಡುಗೆಯವರ ಮಗ ಉದ್ದ ಹಲಗೆ ಹೊಡೆದು ಮೂವತ್ತೊಂದು ಮೊಳೆ ಜಡಿಯುತ್ತಿದ್ದ. ಪ್ರತಿ ಮೊಳೆಯ ಮೇಲೆ ಸುಣ್ಣದ ಬಳಪದಲ್ಲಿ ಒಂದೊಂದು ಅಕ್ಷರ. ಬಾಗಿಲಲ್ಲಿ ಅಧೀಕ್ಷಕಿ ನನ್ನನ್ನು ತಡೆದು, ‘ನೀವು ಗಣಿತದ ಟ್ಯೂಷನ್ ಮಾಡ್ತೀರಂತೆ. ಎಸ್ಸೆಸ್ಸೆಲ್ಸಿಗೆ ನಾಲ್ಕು ಮಕ್ಕಳಿದ್ದಾರೆ. ಆದರೆ ಒಂದು ಮಾತು. ಬರೋದಾದರೆ ವರ್ಷ ಪೂರ್ತಿ ಬರಬೇಕು. ಬಂದು ಬಂದು ನಿಲ್ಲಿಸೋರು ಬೇಡ’ ಎಂದರು. ಪೊಲೀಸ್ ಪರಿಶೀಲನೆಗೆ ಅರ್ಜಿಯ ನಮೂನೆ ಅವರ ಕೈಯಲ್ಲೇ ಇತ್ತು.

ಭಾನುವಾರ

ಹೊರಟರು. ಗೊಂಬೆಯ ಸೂಟ್‌ಕೇಸುಗಳು ಅಮ್ಮನ ಅಟ್ಟದ ಮೇಲೆ ಉಳಿದವು. 640 ಡಾಲರನ್ನು ಪುಟ್ಟಿ ವಾಪಸು ಒಯ್ದು, ಕೊಟ್ಟವರಿಗೆಲ್ಲ ನಡೆದದ್ದನ್ನು ಬರೆದಳು. ಕ್ಲಾಸಿನವರು ಸೇರಿ ಆ ಹಣವನ್ನು ಅವರ ಊರಿನಲ್ಲೇ, ಸಾಕು ಪೋಷಕರ ಮನೆಗಳಲ್ಲಿರುವ ಮಕ್ಕಳಿಗೆ ಶಾಲಾಚೀಲ ಒದಗಿಸುವವರಿಗೆ ಕೊಟ್ಟರಂತೆ. ಯಾವ ಚೀಲ ಬೇಕೆಂದು ಮೊದಲು ಫೋನು ಮಾಡಿ ಕೇಳಿದಳಂತೆ.

ಆಮೇಲೆ, ಒಂದು ಗುರುವಾರ

ಪರಿಶೀಲನೆ ಮುಗಿದು ನನ್ನ ಪಾಠ ಶುರುವಾದದ್ದು ಆಗಸ್ಟಿನಲ್ಲಿ. ಈಗ ಗುರುವಾರ ಸಂಜೆ ಎರಡು ಗಂಟೆ, ನಾಲ್ಕು ಮಕ್ಕಳು, ಒಂದು ಕಪ್ಪು ಹಲಗೆ. ತ್ರಿಕೋನಮಿತಿ ಒಬ್ಬಳಿಗೆ ಮಾತ್ರ ಇಷ್ಟ. ಹಿಂಡುವ ಯಂತ್ರದ ಶಬ್ದದ ಮೇಲೆ ದನಿ ಎತ್ತಿ ಪಾಠ ಹೇಳಬೇಕು.

ಹೋದ ವಾರ ಮಳೆ ಜೋರಿತ್ತು. ಮಕ್ಕಳೆಲ್ಲ ಶಾಲೆಯಿಂದ ಬಂದು ಕೊಡೆ ತೂಗು ಹಾಕಿದ್ದರು, ಕೆಳಗೆ ನೆಲದ ಮೇಲೆ ಸಾಲಾಗಿ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕಡೆ ನೆಲ ಒಣಗಿತ್ತು. ತಲೆ ಎತ್ತಿ ನೋಡಿದೆ. ‘ಸ’ ಅಕ್ಷರದ ಕೆಳಗೆ ಮೊಳೆ ಮಾತ್ರ.

ಅಧೀಕ್ಷಕಿ ನಾನು ನೋಡಿದ್ದನ್ನು ನೋಡಿದರು.

‘ಸೋಮವಾರ ಅವರಮ್ಮ ಬಂದು ಕರ್ಕೊಂಡು ಹೋದ್ರು. ಅರ್ಜಿ ಮಂಜೂರಾಯ್ತು’ ಎಂದರು. ‘ಬಟ್ಟೆ ಗಂಟು ಅಮ್ಮನ ಕೈಗೆ ಕೊಟ್ಲು. ಕೊಡೆ ಮಾತ್ರ ತಾನೇ ಹಿಡ್ಕೊಂಡ್ಲು.’